ನಡುರಾತ್ರಿ ಅನ್ನ ಬೇಯುವ ಮನೆ

"ಅಕ್ಕಾರ, ರಾತ್ರಿ ಒಲಿ ಮ್ಯಾಲ ಏನರ ಇಟ್ಟಿದ್ರೇನ್ರೀ?"

2022ರ ಜುಲೈ ತಿಂಗಳು. ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಕೇಳಿದವನು ನಮ್ಮ ಹುಡುಗರಲ್ಲಿ ಎಲ್ಲರಿಗಿಂತ ಚಿಕ್ಕವನು. ಬಾಗಲಕೋಟೆ ಕಡೆಯವನು, 19 ವರ್ಷ. ಇಲ್ಲಪ್ಪ, ಒಂಬತ್ತಕ್ಕೇ ಸ್ಟವ್ ಆರಿಸಿದ್ದೆನಲ್ಲ ಅಂದೆ. ಅವನು ಉಳಿದವರ ಮುಖ ನೋಡಿದ.

"ಹನ್ನೆರಡರ ಸುಮಾರಿಗೆ ಅನ್ನ ಕುದಿಯೂ ವಾಸನಿ ಬಂತ್ರೀ. ಬಾಸುಮತಿ ಅನ್ನ. ಎಲ್ಲಾರಿಗೂ ಬಂತು."

ನನ್ನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. ಯಾಕೆಂದರೆ ಆ ಪರಿಮಳ ಹಿಂದಿನ ವಾರ ನನಗೂ ಬಂದಿತ್ತು. ಕನಸಿರಬೇಕು ಅಂದುಕೊಂಡು ಯಾರಿಗೂ ಹೇಳಿರಲಿಲ್ಲ.

ನಾವು ಕಾರ್ಕಳದ ಕಡೆಯವರು. ಗೋವಾಕ್ಕೆ ಬಂದು ಆಗ 16 ವರ್ಷವಾಗಿತ್ತು. ಮಡಗಾಂವ್ ಪೇಟೆಯಲ್ಲಿ ಚಿಕ್ಕದೊಂದು ಊಟದ ಹೋಟೆಲ್ ಇತ್ತು. ಮೀನೂಟ, ಕೋರಿ ರೊಟ್ಟಿ, ನೀರ್ ದೋಸೆ. ಕೊರೋನಾ ಕಾಲದಲ್ಲಿ ಮುಚ್ಚಿದೆವು. ಮತ್ತೆ ಶುರು ಮಾಡುವುದಾದರೆ ಹಳೇ ಗೋವಾ ಮನೆಯೊಂದರಲ್ಲಿ ಮಾಡಬೇಕು ಅನ್ನುವುದು ಇವರ ಆಸೆ. ಹುಡುಕಿ ಹುಡುಕಿ ಸಾಕಾದ ಮೇಲೆ ಮಡಗಾಂವ್‌ನಿಂದ ಚಾಂದೋರ್ ಕಡೆ ಹೋಗುವ ದಾರಿಯಲ್ಲಿ ಈ ಮನೆ ಸಿಕ್ಕಿತು. ಚಾಂದೋರ್ ಅಂದರೆ ಹಳೇ ಚಂದ್ರಪುರ, ಗೋವೆಯ ಕದಂಬರ ರಾಜಧಾನಿ. ಆ ಹೆಸರು ಕೇಳಿದರೇ ನನಗೆ ನಮ್ಮವರ ಊರು ಅನಿಸುತ್ತದೆ.

ಬಾಡಿಗೆ ಕಡಿಮೆ ಇತ್ತು. ಯಾಕೆ ಅಂತ ಬ್ರೋಕರ್ ಮುಚ್ಚಿಡಲಿಲ್ಲ. "ಒಳಗೆ ಒಬ್ಬಳು ಇದ್ದಾಳೆ" ಅಂದ. ಹಿಂದೆ ಒಬ್ಬರು ಗೆಸ್ಟ್ ಹೌಸ್ ಮಾಡಲು ಹೋಗಿ, ಇನ್ನೊಬ್ಬರು ಬಾರ್ ಮಾಡಲು ಹೋಗಿ, ಇಬ್ಬರೂ ಒಂದು ಮಳೆಗಾಲ ಪೂರ್ತಿ ನಿಂತಿರಲಿಲ್ಲವಂತೆ. ಆ ಮನೆಯ ಅಡುಗೆಯವಳು ಅನ್ನ ಕದ್ದಳು, ಒಡೆಯ ಹೊಡೆದ, ಅವಳು ಬಾವಿಗೆ ಹಾರಿದಳು, ಈಗಲೂ ರಾತ್ರಿ ಅನ್ನಕ್ಕಿಡುತ್ತಾಳೆ. ಇದು ಊರಿನ ಕಥೆ. ಇವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆದರೆ ಮನೆ ನೋಡಿದ ಮೇಲೆ ಬೇಡ ಅನ್ನಲೂ ಬಾಯಿ ಬರಲಿಲ್ಲ.

ಅಂಥ ಮನೆ ಅದು. ಮುಂದೆ ಎರಡೂ ಬದಿ ಕಲ್ಲಿನ ಕಟ್ಟೆ ಇರುವ ಮೊಗಸಾಲೆ, ಇಲ್ಲಿಯವರು ಬಾಲ್ಕಾಂವ್ ಅನ್ನುತ್ತಾರೆ. ಸಂಜೆ ಕೂತು ದಾರಿಹೋಕರನ್ನು ಮಾತಾಡಿಸುವ ಜಾಗ. ಒಳಗೆ ದೊಡ್ಡ ಸಾಲಾ, ಅಂದರೆ ಹಜಾರ. ಕಿಟಕಿಗೆ ಗಾಜಿನ ಬದಲು ಚಿಪ್ಪು. ಸಮುದ್ರದ ಚಪ್ಪಟೆ ಚಿಪ್ಪನ್ನು ಚೌಕ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸಿದ್ದಾರೆ. ಮಧ್ಯಾಹ್ನದ ಬಿಸಿಲು ಅದರಿಂದ ಹಾಯ್ದು ಬಂದರೆ ಹಾಲಿನ ಹಾಗೆ ಕಾಣುತ್ತದೆ. ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು, ನನ್ನ ಒಂದು ತೋಳಿನಷ್ಟು ದಪ್ಪ. ಮೇಲೆ ಹೆಂಚು. ಮಳೆಗೆ ಮುಂಚೆ ಹೆಂಚು ಕೈಯಾಡಿಸುವಾಗ ಒಂದನ್ನು ತಿರುಗಿಸಿ ನೋಡಿದೆ. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865 ಅಂತ ಅಚ್ಚಿತ್ತು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ನಮ್ಮ ಅಜ್ಜಿ ಮನೆಯ ಮಾಡಿಗೂ ಅದೇ ಹೆಂಚು. ನಮಗಿಂತ ಎಷ್ಟೋ ಮುಂಚೆ ನಮ್ಮೂರಿನ ಮಣ್ಣು ಇಲ್ಲಿಗೆ ಬಂದು ಕೂತಿದೆ ಅನಿಸಿ ಕಣ್ಣು ತುಂಬಿತು.

ಕಾಗದ ಪತ್ರದ ಕೆಲಸ ದೊಡ್ಡದೇ ಆಯಿತು. ಗೋವಾದಲ್ಲಿ ಆಸ್ತಿ ವಿಷಯಕ್ಕೆ ಇವತ್ತಿಗೂ ಪೋರ್ಚುಗೀಸರ 1867ರ ಸಿವಿಲ್ ಕೋಡ್ ಮೂಲದ ಕಾನೂನೇ ದಾರಿ. ಗಂಡ ಹೆಂಡತಿ ಇಬ್ಬರದೂ ಸಮಪಾಲು, ಮಕ್ಕಳೆಲ್ಲರದೂ ಪಾಲು. ಒಡತಿ ಆಂಟಿಯ ಒಬ್ಬ ತಮ್ಮ ಲಿಸ್ಬನ್‌ನಲ್ಲಿ, ತಂಗಿ ಕೆನಡಾದಲ್ಲಿ. ಎಲ್ಲರ ಸಹಿ ಬರುವ ಹೊತ್ತಿಗೆ ಏಪ್ರಿಲ್ ಮುಗಿದಿತ್ತು. ಪಂಚಾಯ್ತಿ, ಫುಡ್ ಲೈಸೆನ್ಸ್, ಫೈರ್ ಅಂತ ಉಳಿದದ್ದೆಲ್ಲ ಓಡಾಟ, ಅದನ್ನು ಬರೆದು ಬೇಜಾರು ಮಾಡುವುದಿಲ್ಲ.

ಗೋವಾದ ಮಳೆ ಗೊತ್ತಲ್ವಾ? ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಅದೂ ಹೆಚ್ಚೂಕಡಿಮೆ ನಾಲ್ಕೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಒಳಗಿನ ಕೆಲಸ ಮುಗಿಸಿ ದಸರಾಕ್ಕೆ ಹೋಟೆಲ್ ತೆರೆಯುವುದು ನಮ್ಮ ಲೆಕ್ಕ. ಐದು ಹುಡುಗರು ಹಿಂದಿನ ಕೋಣೆಯಲ್ಲಿ ಉಳಿದರು. ಇಬ್ಬರು ಬಾಗಲಕೋಟೆ ಕಡೆಯವರು, ಇಬ್ಬರು ಗದಗಿನ ಕಡೆಯವರು, ಒಬ್ಬ ಸವದತ್ತಿಯವನು. ನಾನೂ ಇವರೂ ಮುಂದಿನ ಕೋಣೆಯಲ್ಲಿ.

ಮೊದಲು ಕೇಳಿಸಿದ್ದು ಹೆಜ್ಜೆ. ತಲೆಯ ಮೇಲೆ, ಮರದ ಹಲಗೆಯ ಅಟ್ಟದಲ್ಲಿ ಧಡಧಡ ಓಡಿ, ನಿಂತು, ಮತ್ತೆ ನಿಧಾನಕ್ಕೆ ನಡೆದ ಹಾಗೆ. ಆಮೇಲೆ ಗೋಡೆ. ಹಳೇ ಅಡುಗೆಮನೆಯ ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಒದ್ದೆ ಕಲೆ ಎದ್ದಿತು. ಮಳೆ ಜೋರಾದಷ್ಟೂ ದೊಡ್ಡದಾಯಿತು. ಬಗ್ಗಿ ಒಲೆ ಊದುವ ಹೆಂಗಸಿನ ಹಾಗೆ ಕಾಣುತ್ತದೆ ಅಂತ ಒಬ್ಬ ಹುಡುಗ ಹೇಳಿದ. ಹೇಳಿದ ಮೇಲೆ ನನಗೂ ಹಾಗೇ ಕಂಡಿತು. ಕೊನೆಗೆ ಈ ಅನ್ನದ ಪರಿಮಳ. ಬಾವಿಯ ಕಡೆ ಹುಡುಗರು ಕತ್ತಲಾದ ಮೇಲೆ ಹೋಗುವುದನ್ನೇ ಬಿಟ್ಟರು. ಗದಗಿನವನೊಬ್ಬ ಚೀಲ ಕಟ್ಟಿಕೊಂಡು ಹೊರಟೇಹೋದ. ಅವನನ್ನು ಮಡಗಾಂವ್ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ ಇವರು ಅವತ್ತು ಊಟ ಮಾಡಲಿಲ್ಲ.

ಬೆಳಿಗ್ಗೆ ಸೈಕಲ್ಲಿನಲ್ಲಿ ಪಾಂವ್ ತರುವ ಪೊದೇರ್ ಇದ್ದನಲ್ಲ, ಅವನು ಬೇರೆಯದೇ ಹೇಳಿದ. ಇದು ದೇವಚಾರ ಇರಬಹುದು. ಊರ ಗಡಿ ಕಾಯುವವನು, ಕೈಯಲ್ಲಿ ದೊಣ್ಣೆ, ಹೆಗಲ ಮೇಲೆ ಕಂಬಳಿ, ರಾತ್ರಿ ತಿರುಗುತ್ತಾನೆ. ಒಂದು ಪಾಂವ್, ಒಂದು ಬೀಡಿ, ಸ್ವಲ್ಪ ಫೆನಿ ಇಟ್ಟುಬಿಡಿ ಅಂದ. ನಾನು ತುಳುನಾಡಿನವಳು. ಇದು ನನಗೆ ಹೊಸದಲ್ಲ. ನಮ್ಮಲ್ಲಿ ದೈವ ಬೇರೆ, ಕುಲೆ ಬೇರೆ. ದೈವ ಊರು ಕಾಯುತ್ತದೆ, ತಪ್ಪು ಮಾಡಿದರೆ ಕೇಳುತ್ತದೆ, ಅದಕ್ಕೆ ಕೋಲ ಉಂಟು. ಕುಲೆ ಅಂದರೆ ತೀರಿಹೋದ ನಮ್ಮದೇ ಮನುಷ್ಯರು. ಅವರಿಗೆ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುತ್ತೇವೆ. ಬಡಿಸಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ, ಅವರು ಉಣ್ಣಲಿ ಅಂತ. ಚಿಕ್ಕವಳಿದ್ದಾಗ ಆ ಮುಚ್ಚಿದ ಬಾಗಿಲಿಗೆ ನಾನು ಹೆದರಿದ್ದು ನೆನಪಿಲ್ಲ. ಒಳಗಿರುವವರು ನಮ್ಮ ಅಜ್ಜ ಅಜ್ಜಿ ತಾನೆ! ಈ ಮನೆಯಲ್ಲಿ ಹೆದರಿಕೆಯಾದದ್ದು ಒಳಗಿರುವವಳು ಯಾರು ಅಂತ ಗೊತ್ತಿಲ್ಲದ್ದಕ್ಕೆ.

ಆದರೆ ಅದಕ್ಕಿಂತ ಮುಂಚೆ ಅಟ್ಟ ಹತ್ತಿ ನೋಡಲೇಬೇಕಿತ್ತು. ಹೋಟೆಲ್ ನಡೆಸುವವಳು ನಾನು, ತಲೆಯ ಮೇಲೆ ಏನು ಓಡಾಡುತ್ತಿದೆ ಅಂತ ತಿಳಿಯದೆ ಜನರಿಗೆ ಊಟ ಬಡಿಸುವುದು ಹೇಗೆ?

ಕಿಟಕಿ ಕೆಲಸಕ್ಕೆ ಅಂಕೋಲೆಯ ಒಬ್ಬರು ಆಚಾರಿ ಬರುತ್ತಿದ್ದರು. ಎಪ್ಪತ್ತು ದಾಟಿದವರು. ಅವರೇ ಏಣಿ ಹಾಕಿದರು. ನಾನು ಹಿಂದೆಯೇ ಟಾರ್ಚ್ ಹಿಡಿದು ಹತ್ತಿದೆ. ಹಳೇ ಅಡುಗೆಮನೆಯ ಮೇಲ್ಭಾಗದ ಮೂಲೆಯಲ್ಲಿ ಒಂದೇ ಕಡೆ ರಾಶಿ ಹಿಕ್ಕೆ. ಆಚಾರಿಯವರು ಕಡ್ಡಿಯಿಂದ ಕೆದಕಿದರು. ಅದರಲ್ಲಿ ಹೊಳೆಯುವ ಚಿಕ್ಕು ಬೀಜ, ಪೇರಳೆ ಬೀಜ.

"ಅಮ್ಮಾ, ಇದು ಕಬ್ಬೆಕ್ಕಿಂದು. ಮೂಸಿ ನೋಡಿ."

ಮೂಸಿದೆ. ಪಕ್ಕದ ತೊಲೆಯಿಂದ ಬೆಂದ ಅನ್ನದ ಪರಿಮಳ ಬರುತ್ತಿತ್ತು. ಈಗಷ್ಟೇ ಮುಚ್ಚಳ ತೆಗೆದ ಹಾಗೆ.

ಆಮೇಲೆ ನಾನು ಇದನ್ನು ಓದಿ ತಿಳಿದುಕೊಂಡೆ. ಕಬ್ಬೆಕ್ಕು, ಅಂದರೆ ಪುನುಗಿನ ಬೆಕ್ಕಿನ ಜಾತಿಯದು, ರಾತ್ರಿ ತಿರುಗುವ ಪ್ರಾಣಿ. ಹಣ್ಣು ಅಂದರೆ ಪ್ರಾಣ. ಕಳ್ಳಿನ ಮಡಕೆಗೂ ಬಾಯಿ ಹಾಕುತ್ತದೆ. ಬಾಲದ ಬುಡದ ಹತ್ತಿರ ಅದಕ್ಕೆ ಗ್ರಂಥಿ ಇದೆ, ಅದನ್ನು ಮರಕ್ಕೆ ಉಜ್ಜಿ ತನ್ನ ಜಾಗ ಗುರುತು ಮಾಡುತ್ತದೆ. ಬಂಗಾಳದಲ್ಲಿ ಇದನ್ನು ಗಂಧಗೋಕುಲ ಅನ್ನುತ್ತಾರೆ, ಪಲಾವ್ ಅಕ್ಕಿಯ ವಾಸನೆ ಬಂದರೆ ಇದು ಬಂದಿದೆ ಅಂತ ಅಲ್ಲಿಯ ಹಳ್ಳಿಯವರಿಗೆ ಗೊತ್ತು. ಬಾಸುಮತಿಗೆ ಆ ಪರಿಮಳ ಕೊಡುವುದು 2-ಅಸಿಟೈಲ್-1-ಪೈರೋಲಿನ್ ಅನ್ನುವ ವಸ್ತು. ಈಶಾನ್ಯ ರಾಜ್ಯಗಳ ಕಾಡಿನಲ್ಲಿರುವ ಬಿಂಟುರಾಂಗ್ ಇದೇ ಕುಟುಂಬದ ಪ್ರಾಣಿ. ಅದರ ಮೂತ್ರದಲ್ಲಿ ಇದೇ ವಸ್ತು ಇರುವುದನ್ನು ವಿಜ್ಞಾನಿಗಳು 2016ರಲ್ಲಿ ತೋರಿಸಿದ್ದಾರೆ. 20 ವರ್ಷ ಅಡುಗೆ ಮಾಡಿದವಳಿಗೆ ಇದು ಎಷ್ಟು ಆಶ್ಚರ್ಯ ಅಂತ ಹೇಗೆ ಹೇಳಲಿ! ಒಂದು ಪ್ರಾಣಿಯ ಮೈಯಲ್ಲಿ ಅನ್ನದ ಪರಿಮಳ!

ಗೋಡೆಯ ಕಲೆಗೂ ಕಾರಣ ಸಿಕ್ಕಿತು. ಹಿಂದೆ ಯಾರೋ ಮುರಕಲ್ಲಿನ ಮೇಲೆ ಸಿಮೆಂಟ್ ಗಾರೆ ಮಾಡಿಸಿದ್ದರು. ಮುರಕಲ್ಲು ನೀರು ಹೀರುತ್ತದೆ, ಬಿಡುತ್ತದೆ. ಸುಣ್ಣದ ಗಾರೆ ಇದ್ದರೆ ಅದೂ ಜೊತೆಗೆ ಉಸಿರಾಡುತ್ತದೆ. ಸಿಮೆಂಟ್ ಹಾಕಿದರೆ ನೀರು ಒಳಗೇ ಸಿಕ್ಕಿಬಿದ್ದು, ಉಪ್ಪು ಹೊತ್ತು ಎಲ್ಲೋ ಒಂದು ಕಡೆ ಹೊರಗೆ ಬರುತ್ತದೆ. ಸಿಮೆಂಟ್ ಕೆತ್ತಿಸಿದೆವು. ಚಿಪ್ಪಿನ ಸುಣ್ಣ ತರಿಸಿ, ವಾರಗಟ್ಟಲೆ ನೆನೆಸಿಟ್ಟು, ಬೆಲ್ಲದ ನೀರು ಬೆರೆಸಿ ಹಚ್ಚಿಸಿದೆವು. ಮಳೆಯಲ್ಲಿ ಸುಣ್ಣದ ಗಾರೆ ಆರುವುದೇ ಇಲ್ಲ. ಬೇಗ ಆಗಲಿ ಅಂತ ಫ್ಯಾನ್ ಇಟ್ಟೆವು, ಬಿರುಕು ಬಿಟ್ಟಿತು, ಮತ್ತೆ ಮಾಡಿಸಬೇಕಾಯಿತು. ಆ ಬಿಲ್ ಈಗಲೂ ನೆನಪಿದೆ.

ಹುಡುಗರನ್ನು ಕರೆದು ಎಲ್ಲ ತೋರಿಸಿದೆ. ಹಿಕ್ಕೆ, ಬೀಜ, ತೊಲೆ. ಒಂದು ರಾತ್ರಿ ಟಾರ್ಚ್ ಬೆಳಕಿಗೆ ಎರಡು ಕಣ್ಣು ಹೊಳೆದದ್ದನ್ನೂ ಅವರೇ ಕಂಡರು. ಇನ್ನು ಹೆದರಿಕೆ ಹೋಯಿತು ಅಂದುಕೊಂಡೆ. ಸವದತ್ತಿಯವನು ಮೆಲ್ಲಗೆ ಹೇಳಿದ:

"ಬೆಕ್ಕು ಖರೇನರೀ ಅಕ್ಕಾರ. ಆದ್ರ ಆಕಿನೂ ಅದಾಳ್ರೀ."

ಅವನಿಗೆ ನಾನು ಏನೂ ಹೇಳಲಿಲ್ಲ. ಬೆಕ್ಕು ವಾಸನೆಗೆ ಉತ್ತರವಾಯಿತು. ಆ ಹೆಂಗಸಿಗೆ ಏನಾಯಿತು ಅನ್ನುವುದಕ್ಕೆ ಬೆಕ್ಕು ಹೇಗೆ ಉತ್ತರವಾದೀತು? ಒಬ್ಬಳು ಅಡುಗೆಯವಳು ಇದ್ದಳೋ ಇಲ್ಲವೋ, ಅವಳನ್ನು ಹೊಡೆದರೋ ಇಲ್ಲವೋ, ಅದನ್ನು ಒಡತಿಯನ್ನೇ ಕೇಳಬೇಕು.

ಆಂಟಿಗೆ ಆಗ 76. ಮಡಗಾಂವ್‌ನಲ್ಲಿ ಮಗಳ ಜೊತೆ ಇದ್ದರು. ಕಲ್ತಪ್ಪ ಮಾಡಿಕೊಂಡು ಹೋದೆ. ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕೂತರು. ಬಾವಿ ಸುಳ್ಳು ಅಂದರು. ಅನ್ನದ ವಿಷಯ ಪೂರ್ತಿ ಸುಳ್ಳಲ್ಲ ಅಂದರು.

1950ರ ದಶಕದ ನಡುವಿನ ಕಾಲ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿ. ಭಾರತ ಗಡಿ ಮುಚ್ಚಿ ದಿಗ್ಬಂಧನ ಹಾಕಿತ್ತು. ಬೆಳಗಾವಿಯಿಂದ ಬರುತ್ತಿದ್ದ ತರಕಾರಿ ನಿಂತಿತು. ಆಲೂಗಡ್ಡೆ ಹಾಲೆಂಡಿನಿಂದ, ಅಕ್ಕಿ ಪಾಕಿಸ್ತಾನದಿಂದ, ಚಹಾ ಸಿಲೋನ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಕಾಲ. ಇವರ ಮನೆಯಲ್ಲೂ ಅಕ್ಕಿ ಅಳೆದು ಕೊಡುತ್ತಿದ್ದರು. ಅಡುಗೆಯವಳು ಎಲ್ಲರೂ ಮಲಗಿದ ಮೇಲೆ ಒಂದು ಹಿಡಿ ಅಕ್ಕಿಗೆ ಜಾಸ್ತಿ ನೀರು ಹಾಕಿ ಗಂಜಿ ಮಾಡಿ, ತೋಟದಲ್ಲಿ ಬಿಡಾರವಿದ್ದ ಮುಂಡ್ಕಾರರ ಮಕ್ಕಳಿಗೆ ಹಿಂಬಾಗಿಲಲ್ಲಿ ಕೊಡುತ್ತಿದ್ದಳಂತೆ. ನೀರಡಿಕೆಯಾಗಿ ಎದ್ದ ಒಂಬತ್ತು ವರ್ಷದ ಹುಡುಗಿ ಅದನ್ನು ನೋಡಿದಳು. ಬೆಳಿಗ್ಗೆ ಅಮ್ಮನಿಗೆ ಹೇಳಿದಳು.

"ಯಾರೂ ಹೊಡೆಯಲಿಲ್ಲ. ಬೈದರು, ಅಕ್ಕಿ ಪೆಟ್ಟಿಗೆಯ ಬೀಗದ ಕೈ ಅಮ್ಮ ತಗೊಂಡಳು" ಅಂದರು ಆಂಟಿ. "ಹೇಳಿದವಳು ನಾನೇ."

ಆ ಹೆಂಗಸು ಎಲ್ಲಿಯವಳು ಅಂತ ಕೇಳಿದೆ. ಘಾಟದ ಮೇಲಿನವಳು ಅಂದರು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದಳು. ಗಡಿ ಮುಚ್ಚಿದ ಮೇಲೆ ಹೋಗಲಿಲ್ಲ. ಒಂದು ಮಳೆಗಾಲ ಜ್ವರ ಬಂತು, ಮಡಗಾಂವ್ ಆಸ್ಪತ್ರೆಗೆ ಸೇರಿಸಿದರು, ವಾಪಸ್ ಬರಲಿಲ್ಲ. ಅವಳ ಮನೆಗೆ ಸುದ್ದಿ ಕಳಿಸಲು ವಿಳಾಸ ಯಾರ ಹತ್ತಿರವೂ ಇರಲಿಲ್ಲ. ಎಲ್ಲರೂ ಅವಳನ್ನು ಬಾಯ್ ಅಂತ ಕರೆಯುತ್ತಿದ್ದರು, ಬೇರೆ ಹೆಸರು ಆಂಟಿಗೆ ನೆನಪಿಲ್ಲ. ನೆನಪಿದ್ದದ್ದು ಒಂದೇ. ಅವಳು ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ಗಂಜಿ, ಅದಕ್ಕೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ.

ವಾಪಸ್ ಬಂದು ಹುಡುಗರಿಗೆ ಹೇಳಿದೆ. ಘಾಟದ ಮೇಲಿನವಳು ಅಂದ ಕೂಡಲೇ ನಾಲ್ವರೂ ತಲೆ ಎತ್ತಿದರು. ಗೋವಾದಲ್ಲಿ ಕೆಲಸಕ್ಕೆ ಬಂದ ಕನ್ನಡದವರಿಗೆ ಆ ಮಾತು ಚೆನ್ನಾಗಿ ಗೊತ್ತು. ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ ಘಾಂಟಿ ಅಂತ ಕರೆಸಿಕೊಂಡವರು ಅವರು. ಆ ಮಾತು ಎಷ್ಟು ಚುಚ್ಚುತ್ತದೆ ಅಂತ ಅನ್ನುವವರಿಗೆ ಗೊತ್ತಾಗುವುದಿಲ್ಲ.

"ಹಂಗಾದ್ರ ಆಕಿ ನಮ್ಮಾಕಿನ ಅಲ್ರೀ ಅಕ್ಕಾರ?" ಅಂದ ಚಿಕ್ಕವನು.

ಘಾಟದ ಮೇಲೆ ಅಂದರೆ ಬೆಳಗಾವಿ ಆಗಬಹುದು, ಧಾರವಾಡ ಆಗಬಹುದು, ಕೊಲ್ಹಾಪುರವೂ ಆಗಬಹುದು. ನಾನು ತಿದ್ದಲಿಲ್ಲ. ಊರು ಬಿಟ್ಟು ಬಂದು ಇನ್ನೊಬ್ಬರ ಒಲೆಯ ಮುಂದೆ ನಿಂತವಳು, ಅಷ್ಟು ಸಾಕಿತ್ತು. ಆವತ್ತಿನಿಂದ ಅವರ ಬಾಯಲ್ಲಿ ಆಕಿ ಹೋಗಿ ಆಯಿ ಬಂದಳು.

ಆಟಿ ಮುಗಿದುಹೋಗಿತ್ತು. ಸೆಪ್ಟೆಂಬರ್ 25ಕ್ಕೆ ಮಹಾಲಯ ಅಮಾವಾಸ್ಯೆ. ಹುಡುಗರ ಊರಲ್ಲಿ ಅವತ್ತು ಹಿರಿಯರಿಗೆ ಎಡೆ ಹಿಡಿಯುವ ದಿನ. ಅವತ್ತೇ ಬಡಿಸೋಣ ಅಂತ ನಿಶ್ಚಯವಾಯಿತು. ಆಂಟಿಗೂ ಹೇಳಿಕಳಿಸಿದೆ. ಕ್ರಿಶ್ಚಿಯನ್ನರು, ಏನು ಅಂದುಕೊಳ್ಳುತ್ತಾರೋ ಅಂತ ಅಳುಕಿತ್ತು. ಅವರು ಫೋನಿನಲ್ಲೇ ಹೇಳಿದರು, ನಮ್ಮಲ್ಲೂ ಉಂಟಲ್ಲ ಅಂತ. ಮನೆಯಲ್ಲಿ ಮದುವೆ ಇದ್ದರೆ ಅದಕ್ಕೆ ಮುಂಚೆ, ತೀರಿಹೋದ ಹಿರಿಯರ ಹೆಸರಲ್ಲಿ ಬಡವರನ್ನು ಕರೆದು ಕೂರಿಸಿ ಉಣಬಡಿಸುತ್ತಾರೆ. ಭಿಕಾರ್ಯಾಂಚೆಂ ಜೆವಣ್ ಅಂತ ಅದಕ್ಕೆ ಹೆಸರು.

ಆ ದಿನ ನಮ್ಮ ಹೊಸ ಅಡುಗೆಮನೆಯಲ್ಲಿ ಮೊದಲ ಪೂರ್ತಿ ಅಡುಗೆಯಾಯಿತು. ಹುಡುಗರು ಜೋಳದ ರೊಟ್ಟಿ ಬಡಿದರು, ಬದನೆಕಾಯಿ ಎಣ್ಣೆಗಾಯಿ ಮಾಡಿದರು. ನಾನು ಹೋಳಿಗೆ, ಪಾಯಸ ಮಾಡಿದೆ. ಇವರು ಕುಚ್ಚಲಕ್ಕಿ ಗಂಜಿ ಇಟ್ಟರು. ಆಂಟಿ ಮಗಳ ಕಾರಿನಲ್ಲಿ ಬಂದಿಳಿದರು, ಕೈಯಲ್ಲಿ ಒಂದು ಬಾಟಲಿ. ಒಳಗೆ ಚೆಪ್ಣಿಂ ತೊರಾಂ, ಉಪ್ಪಿನಲ್ಲಿ ಅದುಮಿಟ್ಟ ಮಾವಿನಕಾಯಿ.

ಎಲೆ ಎಲ್ಲಿ ಹಾಕುವುದು? ಹಳೇ ಒಲೆಯ ಹತ್ತಿರ ಅಂತ ನಾನು ಅಂದುಕೊಂಡಿದ್ದೆ. ಸವದತ್ತಿಯವನು ಬೇಡ ಅಂದ. ಅಲ್ಲಿ ನಿಂತು ಉಂಡದ್ದು ಸಾಕು, ಒಳಗೆ ಕೂರಿಸೋಣ ಅಂದ. ಸಾಲಾದಲ್ಲಿ ಮನೆಯವರ ಉದ್ದನೆಯ ಬೀಟೆ ಮೇಜು ಇನ್ನೂ ಇತ್ತು. ಅದರ ತುದಿಗೆ ಎಲೆ ಹಾಕಿದೆವು. ಒಡೆಯರು ಕೂರುತ್ತಿದ್ದ ಜಾಗ. ನಾನು ಆಂಟಿಯ ಮುಖ ನೋಡಿದೆ. ಅವರು ಕೋಲು ಊರಿಕೊಂಡು ಬಂದು ಕುರ್ಚಿಯನ್ನು ತಾವೇ ಎಳೆದು ಸರಿ ಮಾಡಿದರು.

ಬಡಿಸಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಬಾಲ್ಕಾಂವ್‌ನಲ್ಲಿ ಕೂತೆವು. ಮಳೆ ನಿಂತಿತ್ತು. ಆಂಟಿ ಜಪಸರ ಹಿಡಿದಿದ್ದರು. ಯಾರೂ ಮಾತಾಡಲಿಲ್ಲ. ಆಮೇಲೆ ನಾವೂ ಅದೇ ಮೇಜಿನಲ್ಲಿ ಒಟ್ಟಿಗೆ ಕೂತು ಉಂಡೆವು.

ಅಕ್ಟೋಬರ್ 5, ವಿಜಯದಶಮಿಗೆ ಹೋಟೆಲ್ ತೆರೆಯಿತು. ಕಬ್ಬೆಕ್ಕನ್ನು ಓಡಿಸಲಿಲ್ಲ. ಕಾನೂನಿನಲ್ಲೂ ಅದಕ್ಕೆ ರಕ್ಷಣೆ ಇದೆ. ಅಡುಗೆಮನೆ ಮತ್ತು ಸಾಲಾದ ಮೇಲಿನ ಅಟ್ಟಕ್ಕೆ ಬಲೆ ಹೊಡೆದು ಬಿಗಿ ಮಾಡಿ, ಹಿಂದಿನ ಮೂಲೆಯನ್ನು ಅದಕ್ಕೇ ಬಿಟ್ಟೆವು. ನವೆಂಬರ್ 2ಕ್ಕೆ, ಕ್ರಿಶ್ಚಿಯನ್ನರು ಸತ್ತವರನ್ನು ನೆನೆಯುವ ದಿನ, ಆಂಟಿ ಬಂದು ಹಳೇ ಒಲೆಯ ಮೇಲೆ ಒಂದು ಮೇಣದಬತ್ತಿ ಹಚ್ಚಿ ಹೋದರು.

ಆಮೇಲೆ ವಿಡಿಯೋ ಮಾಡುವ ಹುಡುಗರು ಬಂದರು. ದೆವ್ವದ ಹೋಟೆಲ್ ಅಂತ ಹಾಕಿದರೆ ಜನ ಸಾಲುಗಟ್ಟುತ್ತಾರೆ, ರಾತ್ರಿ ಹನ್ನೆರಡಕ್ಕೆ ಸ್ಪೆಷಲ್ ಊಟ ಇಡಿ ಅಂದರು. ಆ ವರ್ಷ ನಮಗೆ ಸಾಲ ತುಂಬಾ ಇತ್ತು. ಆದರೂ ಆಗುವುದಿಲ್ಲ ಅಂದೆವು. ಹಿಡಿ ಅಕ್ಕಿಗೆ ಬೈಸಿಕೊಂಡವಳನ್ನು ತೋರಿಸಿ ದುಡ್ಡು ಮಾಡಲು ನನಗೆ ಮನಸ್ಸು ಬರಲಿಲ್ಲ.

ಪರಿಮಳ ಈಗಲೂ ಬರುತ್ತದೆ, ಮಳೆ ಬಿಟ್ಟ ರಾತ್ರಿಗಳಲ್ಲಿ ಜಾಸ್ತಿ. ಹೋದ ವರ್ಷ ಗದಗಿನಿಂದ ಹೊಸ ಹುಡುಗನೊಬ್ಬ ಬಂದ. ಎರಡನೇ ರಾತ್ರಿಯೇ ಗಾಬರಿಯಾಗಿ ಎದ್ದು ಕೂತು ಪಕ್ಕದವನನ್ನು ಅಲುಗಾಡಿಸಿದ. ನಾನು ಲೆಕ್ಕ ಬರೆಯುತ್ತಾ ಇನ್ನೂ ಎದ್ದಿದ್ದೆ, ಕೇಳಿಸಿತು. ಬಾಗಲಕೋಟೆಯವನು ನಿದ್ದೆಗಣ್ಣಲ್ಲೇ ಮಗ್ಗುಲು ಬದಲಿಸಿದ.

"ಆಯಿ ಅನ್ನಕ್ಕಿಟ್ಟಾಳ. ಮಲ್ಕೋ."